ಪೊಲೀಸರ ಶಿಸ್ತುಕ್ರಮದ ದಾಖಲೆ ಕೇಳುವ ಬಗೆ

ದಾವಣಗೆರೆಯ ಪೊಲೀಸ್ ಸಿಬ್ಬಂದಿಯೊಬ್ಬರ ಇಲಾಖಾ ವಿಚಾರಣೆಯ ದಾಖಲೆ ಬೇಕಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಜಿಲ್ಲಾ ಪೊಲೀಸ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತೆ ಅರ್ಜಿ ಬರೆಯಿರಿ. ಇಡೀ ಸೇವಾ ಪುಸ್ತಕವನ್ನೇ ಕೇಳಿದರೆ ಅರ್ಜಿ ತಿರಸ್ಕೃತವಾಗುವುದೇ ಹೆಚ್ಚು; ಶಿಸ್ತುಕ್ರಮದ ವಿವರಗಳು ಸಾಮಾನ್ಯವಾಗಿ ವೈಯಕ್ತಿಕ ಮಾಹಿತಿಯೆಂದು ಸುಪ್ರೀಂ ಕೋರ್ಟ್ 2012ರಲ್ಲಿಯೇ ಹೇಳಿದೆ. ಆದ್ದರಿಂದ ಲಾಕಪ್ಪಿನಲ್ಲಿ ಹಲ್ಲೆಯಂಥ ಆರೋಪವಿದ್ದಲ್ಲಿ, ಅದರಲ್ಲಿರುವ ಸಾರ್ವಜನಿಕ ಹಿತಾಸಕ್ತಿಯನ್ನು ಕಲಂ 8(2) (ಸಾರ್ವಜನಿಕ ಹಿತ ಮಿಗಿಲಾದರೆ ವಿನಾಯಿತಿ ಇರುವ ಮಾಹಿತಿಯನ್ನೂ ಕೊಡಬಹುದೆನ್ನುವ ಕಲಂ) ಉಲ್ಲೇಖಿಸಿ ವಿವರಿಸಿ, ವಿಚಾರಣೆಯ ಅಂತಿಮ ಆದೇಶವನ್ನಷ್ಟೇ ಕೇಳುವುದು ಜಾಣತನ. ಮನೆ ವಿಳಾಸ, ಮೊಬೈಲ್ ಸಂಖ್ಯೆಗಳ ಮೇಲೆ ಕಪ್ಪು ಮಸಿ ಎಳೆದು ಉಳಿದದ್ದನ್ನು ಕೊಡಿ ಎಂದು ಕಲಂ 10ರಡಿ ನೀವೇ ಬರೆದುಬಿಡಿ. ಅವು ನಿಮಗೆ ಬೇಕಾಗಿಯೂ ಇರುವುದಿಲ್ಲ. 30 ದಿನದೊಳಗೆ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.