‘ಯಾರು ಮಾಡಿದ್ದು?’ ಎಂದು ಕೇಳುವುದನ್ನು ಬಿಟ್ಟ ಮೇಲೆ

ಅಜ್ಜಿಗೆ ಕೊಡಬೇಕಾಗಿದ್ದದ್ದು 16 ಯೂನಿಟ್ ಇನ್ಸುಲಿನ್. ಮೈಗೆ ಹೋದದ್ದು 40.

ಉಡುಪಿಯ ಒಂದು ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ನಾನಾಗ ಇನ್‌ಚಾರ್ಜ್ ಸಿಸ್ಟರ್. ಆಟಿ ತಿಂಗಳ ಮಳೆ, ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇರಲಿಲ್ಲ. ಬೆಳಿಗ್ಗೆ ಏಳೂವರೆಗೆ ಇಂಜೆಕ್ಷನ್ ಆಗಿತ್ತು. ಒಂಬತ್ತರ ಹೊತ್ತಿಗೆ ಅಜ್ಜಿ ಬೆವರಿ ಒದ್ದೆಯಾಗಿದ್ದರು, ಮಾತು ತೊದಲುತ್ತಿತ್ತು. ರಕ್ತದ ಸಕ್ಕರೆ ತೀರಾ ಇಳಿದು ಗ್ಲುಕೋಮೀಟರ್ 42 ತೋರಿಸಿತು. ಕೂಡಲೇ ನರಕ್ಕೆ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆಯ ದ್ರಾವಣ, ಕೊಟ್ಟು, ಹದಿನೈದು ನಿಮಿಷಕ್ಕೊಮ್ಮೆ ಬೆರಳು ಚುಚ್ಚಿ ನೋಡುತ್ತಾ ಮಧ್ಯಾಹ್ನದವರೆಗೆ ಅವರ ಮಂಚದ ಹತ್ತಿರವೇ ಇದ್ದೆವು. ಅಜ್ಜಿ ಚೇತರಿಸಿಕೊಂಡರು.

ಆದದ್ದು ಹೀಗೆ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್‌ನದ್ದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಆಕಾರದ ಇಂಜೆಕ್ಷನ್ ಸಾಧನವೂ ಉಂಟು, ಅದರ ಕಾರ್ಟ್ರಿಜ್‌ನಲ್ಲಿ (ಔಷಧಿಯ ಕೊಳವೆಯಲ್ಲಿ) ಇರುವುದು 100ರದ್ದು. ಅಜ್ಜಿ ಮನೆಯಿಂದ ಪೆನ್ ತಂದಿದ್ದರು, ಸೂಜಿ ಮುಗಿದಿತ್ತು, ನಮ್ಮ ಸ್ಟೋರಿನಲ್ಲೂ ಇರಲಿಲ್ಲ. ಡ್ಯೂಟಿಯ ಹುಡುಗಿ ಕಾರ್ಟ್ರಿಜ್‌ನಿಂದಲೇ ಕೆಂಪು ಮುಚ್ಚಳದ ಸಿರಿಂಜ್‌ಗೆ 16ರ ಗೆರೆಯವರೆಗೆ ಎಳೆದಳು. ಆ ಗೆರೆ ಅಂದರೆ 0.4 ಎಂ.ಎಲ್. 100ರ ಔಷಧಿಯಲ್ಲಿ ಅದು 40 ಯೂನಿಟ್, ಎರಡೂವರೆ ಪಟ್ಟು.

ನಾನು ಕೇಳಿದ ಮೊದಲ ಪ್ರಶ್ನೆ, “ಯಾರು ಮಾಡಿದ್ದು?” ಆ ಹುಡುಗಿ ತಾನೇ ಮುಂದೆ ಬಂದಳು. ಅವಳಿಂದ ವಿವರಣೆ ಬರೆಸಿಕೊಂಡೆ, ಎಲ್ಲರೆದುರು ಗದರಿಸಿದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅಜ್ಜಿಯ ಮಗನಿಗೆ ಡಾಕ್ಟರ ಜೊತೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: “ನಾಳೆ ಇನ್ನೊಬ್ಬರಿಗೆ ಹೀಗೆ ಆಗದ ಹಾಗೆ ಎಂತ ಮಾಡ್ತೀರಿ ಸಿಸ್ಟರ್?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ಮೂರು ತಿಂಗಳು ವಾರ್ಡಿನಿಂದ ಒಂದೇ ಒಂದು ತಪ್ಪಿನ ವರದಿ ಬರಲಿಲ್ಲ. ಸುಧಾರಿಸಿದ್ದೇವೆ ಅಂದುಕೊಂಡಿದ್ದೆ. ನಮ್ಮ ಹಳೆಯ ಆಯಾ ಒಂದು ದಿನ ಮೆತ್ತಗೆ ಹೇಳಿದರು, “ತಪ್ಪು ಆಗ್ತಾ ಉಂಟು ಸಿಸ್ಟರ್. ನಿಮಗೆ ಹೇಳಲಿಕ್ಕೆ ಹೆದರ್ತಾರೆ, ಅಷ್ಟೇ.”

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಆ ಹುಡುಗಿಯನ್ನು ಕರೆದು, ಎಲ್ಲರ ಎದುರೇ ಕ್ಷಮೆ ಕೇಳಿದೆ. ಡ್ಯೂಟಿ ರೂಮಿನಲ್ಲಿ ಒಂದು ಡಬ್ಬಿ ಇಟ್ಟೆವು. ಚೀಟಿಯಲ್ಲಿ ಹೆಸರು ಬೇಡ. ಎಂತ ಆಯಿತು, ಯಾಕೆ ಆಯಿತು ಅಂತ ಬರೆದರೆ ಸಾಕು. ಆಗಿಯೇ ಹೋಗುತ್ತಿದ್ದ, ಕೊನೇ ಗಳಿಗೆಯಲ್ಲಿ ತಪ್ಪಿದ ತಪ್ಪುಗಳನ್ನೂ ಬರೆಯಬೇಕು. ಮೊದಲ ಚೀಟಿ ನಾನೇ ಬರೆದೆ, ಹೆಸರು ಹಾಕಿ.

ಶನಿವಾರ ಮಧ್ಯಾಹ್ನ ಚೀಟಿಗಳನ್ನು ಓದುತ್ತಿದ್ದೆವು. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅಪಘಾತಗಳನ್ನು ತೂತಿನ ಚೀಸ್ ತುಂಡುಗಳ ಹೋಲಿಕೆಯಿಂದ ವಿವರಿಸಿದ್ದಾರೆ. ನಮ್ಮ ಹುಡುಗಿಯರಿಗೆ ನಾನು ನೀರುದೋಸೆ ಅಂತ ಹೇಳುತ್ತೇನೆ. ಒಂದರ ಮೇಲೊಂದು ಇಟ್ಟರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಲ್ಲ ತೂತು ಒಂದೇ ಸಾಲಿಗೆ ಬಂದ ದಿನ ತಪ್ಪು ರೋಗಿಯವರೆಗೆ ಇಳಿಯುತ್ತದೆ. ಅಜ್ಜಿಯ ವಿಷಯದಲ್ಲಿ ಸಾಲಿಗೆ ಬಂದದ್ದನ್ನು ಎಣಿಸಿದೆವು: ಸ್ಟೋರಿನಲ್ಲಿ ಸೂಜಿ ಇಲ್ಲ, ಮನೆಯ ಔಷಧಿಯನ್ನು ಯಾರೂ ಪರೀಕ್ಷಿಸಿಲ್ಲ, ಎರಡನೆಯವರು ನೋಡುವ ಕ್ರಮವಿಲ್ಲ, ಹುಡುಗಿಗೆ ಅದು ಸತತ ಏಳನೇ ರಾತ್ರಿ. ಆ ಪಾಳಿಪಟ್ಟಿ ಬರೆದವಳು ನಾನು.

ಚೀಟಿಗಳು ಕಲಿಸಿದ್ದು ಬಹಳ. ‘10’ರ ಪಕ್ಕ ಯೂನಿಟ್ ಅನ್ನಲು ಬರೆದ ಇಂಗ್ಲಿಷ್ ‘U’ ಅಕ್ಷರ ಸೊನ್ನೆಯ ಹಾಗೆ ಕಂಡು 100 ಆಗುತ್ತಿತ್ತು. ಈಗ ಯೂನಿಟ್ ಅಂತ ಪೂರ್ತಿ ಬರೆಯುತ್ತೇವೆ. ಫೋನಿನಲ್ಲಿ ‘ಫಿಫ್ಟೀನ್’ ಹೇಳಿದರೆ ‘ಫಿಫ್ಟಿ’ ಕೇಳುತ್ತದೆ. ಈಗ ‘ಒಂದು, ಐದು’ ಅಂತ ತಿರುಗಿ ಓದಿ ಹೇಳುತ್ತೇವೆ. ‘ನೀವು ಲಲಿತಾ ಅಲ್ವಾ?’ ಅಂದರೆ ಕಿವಿ ಮಂದವಾದವರು ಎಲ್ಲದಕ್ಕೂ ತುಳುವಿನಲ್ಲಿ ‘ಅಂದ್’ (ಹೌದು) ಅನ್ನುತ್ತಾರೆ. ಹಾಗಾಗಿ ‘ಈರೆನ ಪುದರ್ ದಾದ?’ (ನಿಮ್ಮ ಹೆಸರೇನು?) ಅಂತಲೇ ಕೇಳಬೇಕು, ಹೆಸರು ಅವರ ಬಾಯಿಂದ ಬರಬೇಕು. ಒಂದು ಚೀಟಿಯಲ್ಲಿ ಏಕಾದಶಿ ಅಂತ ಇತ್ತು. ಉಪವಾಸದ ರೋಗಿಗೆ ಇನ್ಸುಲಿನ್ ಕೊಟ್ಟಿದ್ದೆವು, ಗಂಜಿಯ ತಟ್ಟೆ ಹಾಗೆಯೇ ವಾಪಸು ಹೋಗಿತ್ತು. ಈಗ ಊಟ ಎದುರಿಗೆ ಬಂದ ಮೇಲೆಯೇ ಆ ಇಂಜೆಕ್ಷನ್.

ಡಾಕ್ಟರುಗಳ ಚೀಟಿ ಇನ್ನೂ ಕಡಿಮೆ. ಬರಬೇಕು, ಕೇಳುತ್ತಲೇ ಇದ್ದೇನೆ.

ಮೊನ್ನೆ ಬಂದ ಚೀಟಿ ವಾರ್ಡಿನ ಹೊರಗಿನದ್ದು. 40ರ ಬಾಟಲಿ ಹಿಡಿದು ಮನೆಗೆ ಹೋದವರಿಗೆ ಮೆಡಿಕಲ್ ಶಾಪಿನಲ್ಲಿ 100ರ ಕಿತ್ತಳೆ ಮುಚ್ಚಳದ ಸಿರಿಂಜ್ ಸಿಕ್ಕಿತ್ತು. ಇಲ್ಲಿ ಡೋಸ್ ಅರ್ಧಕ್ಕಿಂತ ಕಡಿಮೆಯಾಗಿ ಸಕ್ಕರೆ ಏರಿತ್ತು. ಅಂದಿನಿಂದ ಡಿಸ್ಚಾರ್ಜ್ ಕಾರ್ಡಿಗೆ ಅವರವರ ಸಿರಿಂಜಿನ ಖಾಲಿ ಕವರನ್ನು ಪಿನ್ ಮಾಡಿ ಕೊಡುತ್ತಿದ್ದೇವೆ: “ಅಂಗಡಿಯಲ್ಲಿ ಇದನ್ನು ತೋರಿಸಿ, ಇದೇ ಬೇಕು ಅಂತ ಹೇಳಿ.”