ಹಾಂಗ್‌ಕಾಂಗ್‌ನಲ್ಲಿ ಡಿಮ್ ಸಮ್: ಸಸ್ಯಾಹಾರಿಗಳಿಗೆ ಒಂದೆರಡು ಮಾತು

ಹೊಸದಾಗಿ ಬಂದವರೇ, ಡಿಮ್ ಸಮ್ ಅಂದ್ರೆ ಟೀ ಜೊತೆ ತಿನ್ನುವ ಪುಟ್ಟ ಪುಟ್ಟ ತಿಂಡಿಗಳು. ಅದನ್ನು ತಿನ್ನಲು ಬೆಳಿಗ್ಗೆ ಅಥವಾ ಮಧ್ಯಾಹ್ನ ಹೋಗಿ. ಊಟದ ಗದ್ದಲ ಮುಗಿದು 2 ಗಂಟೆ ಆದಮೇಲೆ ಹಲವು ಕಡೆ ದರವೂ ಕಡಿಮೆ.

ಹೆಸರು ನೋಡಿ ಮಾತ್ರ ಮೋಸ ಹೋಗಬೇಡಿ. ಮೂಲಂಗಿ ಕೇಕ್ ಅಂದ್ರೆ ಬರೀ ಮೂಲಂಗಿ, ಅಕ್ಕಿಹಿಟ್ಟು ಅಂತ ನಾನೂ ಅಂದುಕೊಂಡಿದ್ದೆ. ಮುರಿದು ನೋಡಿದರೆ ಒಳಗೆ ಒಣಸಿಗಡಿ ಚೂರು, ಕೆಂಪು ಸಾಸೇಜ್! ಎಗ್ ಟಾರ್ಟ್‌ನ ಹಿಟ್ಟಿಗೂ ಹಂದಿ ಕೊಬ್ಬು ಹಾಕುವುದುಂಟು. ಅದಕ್ಕೇ ಆರ್ಡರ್ ಮಾಡುವ ಮೊದಲೇ "ಙೋ ಸಿಕ್ ಜಾಯ್" ಅನ್ನಿ, ನಾನು ಸಸ್ಯಾಹಾರಿ ಅಂತ ಅರ್ಥ. ಚೀನೀ ಅಕ್ಷರದಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಟೀ ಖಾಲಿಯಾದರೆ ಯಾರನ್ನೂ ಕೂಗಬೇಕಿಲ್ಲ. ಕೆಟಲ್ ಮುಚ್ಚಳ ಸರಿಸಿಡಿ, ಬಿಸಿನೀರು ತಂದು ತುಂಬಿಸುತ್ತಾರೆ.

ಸಿಹಿಗೆ ಅದಕ್ಕೆಂದೇ ಇರುವ ಅಂಗಡಿಗಳಿಗೆ ಹೋಗಿ. ಕಪ್ಪು ಎಳ್ಳಿನ ಬಿಸಿ ಪಾಯಸ ಬಿಡಲೇಬೇಡಿ. ಬಟ್ಟಲು ಮೂಗಿನ ಹತ್ತಿರ ತಂದರೆ ಸಂಕ್ರಾಂತಿಗೆ ಎಳ್ಳು ಹುರಿದ ಅದೇ ಘಮ. ಸೋಯಾ ಹಾಲಿನಿಂದ ಮಾಡುವ ಟೋಫು ಫಾ ಗಿಣ್ಣಿನ ಹಾಗೇ ಮೆತ್ತಗೆ, ಮೇಲೆ ಶುಂಠಿ ಹಾಕಿದ ಸಕ್ಕರೆ ಪಾಕ. ಮಕ್ಕಳಿದ್ದರೆ ಮಾವು, ಚಕ್ಕೋತ, ಸಬ್ಬಕ್ಕಿ ಹಾಕಿದ ತಣ್ಣನೆಯದನ್ನು ಕೊಡಿಸಿ.