ಮಕ್ಕಳ ಕೈಗೆ ಮೊದಲ ಫೋನ್: ಕೊಡುವ ಮುಂಚೆ ಏನೇನು ಮಾಡಬೇಕು?

ಆರನೇ ಕ್ಲಾಸು ಮುಗಿಯುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ಮಾತು. ಮಗಳು ಟ್ಯೂಷನ್‌ಗೆ ಬಸ್ಸಿನಲ್ಲಿ ಒಬ್ಬಳೇ ಹೋಗಬೇಕು, ಅದಕ್ಕೆ ಫೋನ್ ಬೇಕು. ಅಪ್ಪನಿಗೆ ರೀಲ್ಸ್ ಭಯ, ಅಮ್ಮನಿಗೆ ರಸ್ತೆಯ ಭಯ. ಕೊನೆಗೆ ಅಪ್ಪನ ಹಳೇ ಫೋನು ಮಗಳ ಬ್ಯಾಗು ಸೇರುತ್ತದೆ. ಅಮ್ಮ ಮನೆಯಲ್ಲಿ ಕೂತು, ಮಗಳು ಎಲ್ಲಿದ್ದಾಳೆ ಎಂದು ತೋರಿಸುವ ಮ್ಯಾಪಿನ ಮೇಲಿನ ಚುಕ್ಕಿಯನ್ನೇ ನೋಡುತ್ತಿರುತ್ತಾರೆ. ಚುಕ್ಕಿ ಒಂದೇ ಕಡೆ ನಿಂತರೆ ಎದೆ ಧಸಕ್ ಅನ್ನುತ್ತದೆ. ಅಲ್ಲಿ ಬಸ್ಸು ಸಿಗ್ನಲ್‌ನಲ್ಲಿ ನಿಂತಿರುತ್ತದೆ, ಅಷ್ಟೇ.

ಚುಕ್ಕಿ ನೋಡುವುದರಿಂದ ಮಗು ರಸ್ತೆ ದಾಟುವುದನ್ನು ಕಲಿಯುವುದಿಲ್ಲ ಅಲ್ವಾ? ಹಾಗಾಗಿ ಫೋನಿನ ಕೆಲಸ ಆಮೇಲೆ.

ಮೊದಲು ದಾರಿ

ಕೆಲವು ದಿನ ಜೊತೆಯಲ್ಲೇ ಹೋಗಿ. ಆಮೇಲೆ ಅದೇ ಬಸ್ಸು ಹತ್ತಿ, ಆದರೆ ನೀವು ದೂರದ ಸೀಟಿನಲ್ಲಿ ಕೂರಿ. ಟಿಕೆಟ್ ಕೇಳುವುದು, ಸ್ಟಾಪ್ ಬರುವ ಮುಂಚೆ ಎದ್ದು ಬಾಗಿಲ ಹತ್ತಿರ ಬರುವುದು ಎಲ್ಲ ಮಗುವಿನ ಕೆಲಸ. ಸ್ಟಾಪ್ ತಪ್ಪಿಸಿದರೆ ಸುಮ್ನೆ ಕೂತಿರಿ, ಬಾಯಿ ಬಿಡಬೇಡಿ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಬರುವುದನ್ನು ನೀವು ಜೊತೆಗಿರುವಾಗಲೇ ಕಲಿತರೆ ಒಳ್ಳೆಯದು.

ಹುಡುಗಿಯಾದರೆ ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗೆ ಗುರುತಿನ ಚೀಟಿ ಬೇಕು. ಎಸಿ ವಜ್ರ ಬಸ್ಸಿನಲ್ಲಿ ಅದು ನಡೆಯುವುದಿಲ್ಲ, ಬಸ್ಸಿನ ಕಾಸು ಬೇರೆ ಇಟ್ಟಿರಲಿ. ಅಪ್ಪ ಅಮ್ಮನ ನಂಬರ್ ಬಾಯಿಪಾಠ ಆಗಲಿ. ಬಹಳ ಮಕ್ಕಳಿಗೆ ಅದು ಬರುವುದಿಲ್ಲ, ಬೇಕಾದರೆ ಈಗಲೇ ಕೇಳಿ ನೋಡಿ. ಚಾರ್ಜ್ ಖಾಲಿಯಾದ ಫೋನಿನಲ್ಲಿ ಸೇವ್ ಆಗಿರುವ ನಂಬರಿನಿಂದ ಏನು ಪ್ರಯೋಜನ?

ಹಳೇ ಫೋನು ಕೊಡುವುದಾದರೆ

ಅಪ್ಪನ ಹಳೇ ಫೋನಿನಲ್ಲಿ ಅಪ್ಪನ ಇಡೀ ಸಂಸಾರ ಇರುತ್ತದೆ. ಯುಪಿಐ ಆ್ಯಪ್, ಸೇವ್ ಆದ ಕಾರ್ಡು, ಆಫೀಸಿನ ಮೇಲ್, ದೊಡ್ಡವರಿಗಾಗಿ ಮಾಡಿದ ಯೂಟ್ಯೂಬ್ ಅಕೌಂಟು. ಗೇಮ್ ಆಡುತ್ತಾ ಮಗು ಒತ್ತಿದ ಒಂದು ಬಟನ್ನಿಗೆ ದುಡ್ಡು ಹೋಗಲು ಇಷ್ಟು ಸಾಕು. ಬೇಕಾದ ಫೋಟೊಗಳನ್ನು ಬೇರೆಡೆ ಇಟ್ಟುಕೊಳ್ಳಿ, ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ತೆಗೆದುಹಾಕಿ, ಆಮೇಲೆ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಿ.

18 ತುಂಬದವರ ಹೆಸರಿಗೆ ಸಿಮ್ ಸಿಗುವುದಿಲ್ಲ, ನಿಮ್ಮ ಹೆಸರಿನಲ್ಲೇ ತೆಗೆದುಕೊಳ್ಳಬೇಕು. ಆದರೆ ಬ್ಯಾಂಕಿಗೆ ಕೊಟ್ಟಿರುವ ನಂಬರನ್ನು ಮಾತ್ರ ಮಗುವಿನ ಫೋನಿಗೆ ಹಾಕಬೇಡಿ. ನಿಮ್ಮ ಒಟಿಪಿ ಎಲ್ಲ ಅವರ ಫೋನಿಗೆ ಬರುತ್ತದೆ, ಯಾರಾದರೂ ಫೋನ್ ಮಾಡಿ ಕೇಳಿದರೆ ಹೇಳಿಯೂಬಿಡುತ್ತಾರೆ.

ನನ್ನನ್ನು ಕೇಳಿದರೆ, ದಾರಿಯ ಚಿಂತೆ ಮಾತ್ರ ಇರುವವರಿಗೆ ಕೀಪ್ಯಾಡ್ ಫೋನೇ ಸಾಕು. ಚಾರ್ಜೂ ಜಾಸ್ತಿ ನಿಲ್ಲುತ್ತದೆ. ಸ್ಮಾರ್ಟ್‌ಫೋನೇ ಬೇಕು ಅನ್ನುವವರು ಮುಂದೆ ಓದಿ.

ಫ್ಯಾಮಿಲಿ ಲಿಂಕ್

ಮಗುವಿನ ಫೋನಿಗೆ ಅಪ್ಪ ಅಮ್ಮ ತಮ್ಮ ಫೋನಿನಿಂದಲೇ ಮಿತಿ ಹಾಕುವ ಗೂಗಲ್‌ನ ಆ್ಯಪ್ ಇದು, ಆಂಡ್ರಾಯ್ಡ್ ಫೋನಿಗೆ ಉಚಿತ. ಮಗುವಿನ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಅಕೌಂಟ್ ಮಾಡಿ, ವಯಸ್ಸು ಜಾಸ್ತಿ ಹಾಕಬೇಡಿ. ನಿಮ್ಮ ಫೋನಿಗೆ ಫ್ಯಾಮಿಲಿ ಲಿಂಕ್ ಹಾಕಿಕೊಂಡು ಎರಡನ್ನೂ ಜೋಡಿಸಿ. ಮೂರು ಕೆಲಸ ಸಾಕು: ಹೊಸ ಆ್ಯಪ್ ಇಳಿಸಲು ನಿಮ್ಮ ಒಪ್ಪಿಗೆ ಬೇಕು ಎಂದು ಇಡುವುದು, ದಿನಕ್ಕೆ ಇಷ್ಟು ಹೊತ್ತು ಎಂಬ ಮಿತಿ, ರಾತ್ರಿ ಫೋನ್ ಲಾಕ್ ಆಗುವ ಸಮಯ.

ಇದೆಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಫೋನ್ ಲಾಕ್ ಮಾಡಿ, ಮಗುವಿನ ಕೈಯಲ್ಲಿ ನಿಮಗೆ ಕರೆ ಮಾಡಿಸಿ. ಹೋಗದಿದ್ದರೆ, ಕರೆ ಮಾಡುವ ಆ್ಯಪನ್ನು ಮಿತಿಯಿಂದ ಹೊರಗಿಡಿ. ಗೇಮಿನಲ್ಲಿ ದಿನದ ಸಮಯ ಮುಗಿಸಿದ ಮಗುವಿಗೆ ಬಸ್ ಸ್ಟಾಪಿನಿಂದ ಅಮ್ಮನಿಗೆ ಫೋನ್ ಮಾಡಲು ಆಗದಿದ್ದರೆ ಹೇಗೆ?

ವಾಟ್ಸ್‌ಆ್ಯಪ್‌ಗೆ ಕನಿಷ್ಠ ವಯಸ್ಸು 13. ಅಲ್ಲಿಯವರೆಗೆ ಕ್ಲಾಸಿನ ಗ್ರೂಪು ನಿಮ್ಮ ಫೋನಿನಲ್ಲೇ ಇರಲಿ. ಆಮೇಲೆ ಹಾಕಿಕೊಟ್ಟರೂ ಪ್ರೈವೆಸಿ ಸೆಟ್ಟಿಂಗ್‌ಗೆ ಹೋಗಿ, ಪರಿಚಯದವರು ಮಾತ್ರ ಗ್ರೂಪಿಗೆ ಸೇರಿಸುವಂತೆ ಮಾಡಿ. ಪ್ರೊಫೈಲ್ ಫೋಟೊಗೂ ಅದೇ.

ಲೊಕೇಶನ್ ಬಗ್ಗೆ ಒಪ್ಪಂದ

ಕದ್ದು ನೋಡಬೇಡಿ. ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ಗೊತ್ತಾದ ದಿನದಿಂದ ಲೊಕೇಶನ್ ಆಫ್ ಮಾಡುವುದನ್ನು, ಫೋನನ್ನು ಗೆಳತಿಯ ಬ್ಯಾಗಿನಲ್ಲಿ ಬಿಟ್ಟುಹೋಗುವುದನ್ನು ಕಲಿಯುತ್ತಾರೆ. ಯಾವಾಗ ನೋಡುತ್ತೀರಿ ಎಂದು ಎದುರಿಗೇ ಹೇಳಿ. "ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು ಪುಟ್ಟಿ. ಇಪ್ಪತ್ತು ನಿಮಿಷ ತಡವಾದರೂ ಕಾಲ್ ಬರಲಿಲ್ಲ ಅಂದರೆ ಮಾತ್ರ ನೋಡ್ತೀನಿ." ಇಷ್ಟೇ ಒಪ್ಪಂದ. ಆ ಇಪ್ಪತ್ತು ನಿಮಿಷ ಕಷ್ಟ, ಒಪ್ಪುತ್ತೇನೆ. ಆದರೂ ಮಧ್ಯೆ ಫೋನ್ ಮಾಡಬೇಡಿ, ಆ ಹೊತ್ತಿಗೆ ಅವಳು ರಸ್ತೆ ದಾಟುತ್ತಿರಬಹುದು. ಸಮಯ ಮೀರಿದರೆ ಮೊದಲು ಮಗುವಿಗೆ, ಆಮೇಲೆ ಟ್ಯೂಷನ್ ಮೇಷ್ಟ್ರಿಗೆ, ನಂತರ ಜೊತೆಯಲ್ಲಿ ಬರುವ ಮಗುವಿನ ಮನೆಗೆ ಫೋನ್ ಮಾಡಿ. ಯಾರಿಂದಲೂ ಸುದ್ದಿ ಸಿಗದಿದ್ದರೆ ತುರ್ತು ಸಹಾಯದ ನಂಬರ್ 112.

ಏನಾದರೂ ಎಡವಟ್ಟಾದರೆ

"ಹೀಗೇ ಮಾಡಿದರೆ ಫೋನ್ ಕಿತ್ತುಕೊಳ್ತೀನಿ" ಎಂಬ ಬೆದರಿಕೆ ಹಾಕಲೇಬೇಡಿ. ಗೇಮಿನಲ್ಲಿ ಪರಿಚಯವಾದ ಯಾರೋ ಫೋಟೊ ಕೇಳಿದಾಗ, ಕೊಟ್ಟ ಮೇಲೆ ಹೆದರಿಸಿದಾಗ, ಮಕ್ಕಳು ಮನೆಯಲ್ಲಿ ಹೇಳದೇ ಇರುವುದಕ್ಕೆ ಎಷ್ಟೋ ಸಲ ಇದೇ ಕಾರಣ. "ಏನೇ ಆದರೂ ನನಗೆ ಹೇಳು, ಫೋನ್ ತೆಗೆದುಕೊಳ್ಳಲ್ಲ" ಎಂದು ಮೊದಲೇ ಮಾತು ಕೊಡಿ, ಆ ಮಾತಿಗೆ ನಿಲ್ಲಿ.

ಅಂಥ ಸಂದರ್ಭ ಬಂದರೆ ಬೈಯುವುದು ಬೇಡ, ದುಡ್ಡು ಕಳಿಸುವುದೂ ಬೇಡ. ಮೆಸೇಜ್ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಅದು ಬೇರೆ ಬೇರೆ ಖಾತೆಗಳಿಗೆ ಸಾಗಿಹೋಗುತ್ತದೆ. ಮಕ್ಕಳ ಸಹಾಯವಾಣಿ 1098. ಈ ನಂಬರುಗಳನ್ನು ಮಗುವಿಗೂ ಹೇಳಿಕೊಡಿ.

ಬಿಗಿ ಸಡಿಲಿಸುವುದು

ಹಾಕಿದ ನಿಯಮ ಹಾಗೇ ಉಳಿದರೆ ಹದಿನೈದರ ಮಗುವಿಗೂ ಹನ್ನೊಂದರ ಲಾಕ್ ಇರುತ್ತದೆ. ಪ್ರತಿ ಟರ್ಮ್ ಪರೀಕ್ಷೆ ಮುಗಿದಾಗ ಇಬ್ಬರೂ ಕೂತು ಸೆಟ್ಟಿಂಗ್ಸ್ ತೆರೆಯಿರಿ. ಮಿಸ್ಡ್ ಕಾಲ್ ಸರಿಯಾಗಿ ಬರುತ್ತಿದ್ದರೆ ಟ್ಯೂಷನ್ ದಾರಿಗೆ ಲೊಕೇಶನ್ ನೋಡುವುದನ್ನು ನಿಲ್ಲಿಸಿ. ಕಬ್ಬನ್ ಪಾರ್ಕಿಗೋ ಇನ್ನೊಂದು ಬಡಾವಣೆಗೋ ಗೆಳತಿಯರ ಜೊತೆ ಮೊದಲ ಸಲ ಹೊರಟಾಗ, ವಾಟ್ಸ್‌ಆ್ಯಪ್ ಬಳಸುವ ವಯಸ್ಸಾಗಿದ್ದರೆ, ಲೈವ್ ಲೊಕೇಶನ್ ಕಳಿಸಲು ಹೇಳಿ. ಅದರಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಆಯ್ಕೆ ಇವೆ. ಯಾವುದು ಎಂದು ಅವಳೇ ಆರಿಸಲಿ.